ಸೊರಗನ್ನು ತಡೆದ ಮಣ್ಣು



ಫ್ರಾನ್ಸಿನ ದಕ್ಷಿಣ ಭಾಗದಲ್ಲಿರುವ ಕವಯೋಂ ಎಂಬ ಊರು ಕರಬೂಜದ ಹಣ್ಣಿಗೆ ಹೆಸರಾದುದು. 1864ರಲ್ಲಿ ಆ ಊರಿನವರು ತಮ್ಮ ಗ್ರಂಥಾಲಯಕ್ಕಾಗಿ ಪ್ರಸಿದ್ಧ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾನ ಕೃತಿಗಳನ್ನು ಬೇಡಿದರು. ಡ್ಯೂಮಾ ಸಂತೋಷದಿಂದ ಒಪ್ಪಿದನು. ಪ್ರತಿಯಾಗಿ, ತಾನು ಬದುಕಿರುವವರೆಗೆ ವರ್ಷಕ್ಕೆ 12 ಕರಬೂಜದ ಹಣ್ಣುಗಳನ್ನು ಕಳಿಸಿಕೊಡಬೇಕೆಂದು ಕೇಳಿದನು. ಕಾದಂಬರಿಗಳೊಡನೆ ಹೀಗೆ ಸರಿತೂಗಿದ ಹಣ್ಣಿನ ನಾಡಿನಲ್ಲಿಯೇ, ದ್ಯೂರಾಂಸ್ ನದಿಯ ಬಯಲಿನಲ್ಲಿ, ಶಾತೋರನಾರ್ ಎಂಬ ಇನ್ನೊಂದು ಊರಿದೆ. ಇಂದು ನಾನು ಹೇಳಹೊರಟಿರುವುದು ಆ ಊರಿನ ಮಣ್ಣಿನ ಕಥೆ.

ಕರಬೂಜ ಬೆಳೆಯುವವರನ್ನು ಬಹುವಾಗಿ ಕಾಡುವ ರೋಗಗಳಲ್ಲಿ ಸೊರಗು ರೋಗವೂ ಒಂದು. ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ ನೆಲದೊಳಗಿದ್ದುಕೊಂಡು ಬೇರಿನ ಮೂಲಕ ಗಿಡವನ್ನು ಹೊಗುತ್ತದೆ. ನೀರು ಸಾಗುವ ನಾಳಗಳಲ್ಲಿ ಬೆಳೆದು ಅವನ್ನು ಕಟ್ಟಿಬಿಡುತ್ತದೆ. ಬುಡದಲ್ಲಿ ನೀರಿದ್ದರೂ ಬಳ್ಳಿ ಬಾಯಾರಿ ಒಣಗುತ್ತದೆ. ಬೆಳೆ ಹೋದ ಮೇಲೂ ಇದರ ದಪ್ಪ ಕವಚದ ಬೀಜಾಣುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಎರಡು ಮೂರು ವರ್ಷ ಬೇರೆ ಪೈರಿಟ್ಟು ಮತ್ತೆ ಕರಬೂಜಕ್ಕೆ ಮರಳಿದ ರೈತನಿಗೆ ಅದೇ ಶತ್ರು ಎದುರಾಗುತ್ತದೆ.

ಇದಕ್ಕೆ ಇಪ್ಪತ್ತನೆಯ ಶತಮಾನ ಮುಖ್ಯವಾಗಿ ಎರಡು ಉಪಾಯಗಳನ್ನು ಹಿಡಿಯಿತು. ಮೊದಲನೆಯದು ರೋಗವನ್ನು ತಾಳಿಕೊಳ್ಳುವ ತಳಿಗಳನ್ನು ಬೆಳೆಸುವುದು. ಅದು ಫಲಿಸಿತಾದರೂ, ಆ ತಳಿಗಳ ಶಕ್ತಿಯನ್ನು ಮೀರಬಲ್ಲ ಶಿಲೀಂಧ್ರದ ಹೊಸ ಬಗೆಗಳು ಅಲ್ಲಲ್ಲಿ ತಲೆಯೆತ್ತಿದವು. ಎರಡನೆಯದು ಮಣ್ಣನ್ನೇ ಶುದ್ಧಿಮಾಡುವುದು. ಬಿಸಿ ಹಬೆಯನ್ನು ಹಾಯಿಸಿ, ಇಲ್ಲವೆ ಮೀಥೈಲ್ ಬ್ರೋಮೈಡಿನಂಥ ವಿಷಾನಿಲವನ್ನು ತುಂಬಿ, ಅದರೊಳಗಿನ ಜೀವವನ್ನು ಅಳಿಸುವುದು. ರೋಗ ಮಣ್ಣಿನಲ್ಲಿದೆ, ಮಣ್ಣು ನಿರ್ಜೀವವಾದರೆ ರೋಗವೂ ಇಲ್ಲವಾಗುತ್ತದೆ ಎಂಬ ಈ ತರ್ಕ ಸರಳವಾದುದು. ನನಗೂ ಬಹುಕಾಲ ಅದು ಸರಿಯೆಂದೇ ತೋರಿತ್ತು.

ಆ ತರ್ಕಕ್ಕೆ ಎದುರಾಗಿ ನಿಂತದ್ದು ಶಾತೋರನಾರಿನ ಮಣ್ಣು. ಅಲ್ಲಿ ಕರಬೂಜವನ್ನು ಬೆಳೆಯುತ್ತಲೇ ಬಂದಿದ್ದರೂ ಸೊರಗು ರೋಗ ಉಗ್ರರೂಪ ತಾಳಿರಲಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ದಿಜೋಂ ಕೇಂದ್ರದಲ್ಲಿ ಲೂವೆ, ರೂಸೆಲ್, ಅಲಬೂವೆತ್ ಎಂಬ ಮೂವರು ವಿಜ್ಞಾನಿಗಳು ಈ ಮಣ್ಣನ್ನು ಪರೀಕ್ಷೆಗೆ ಒಡ್ಡಿದರು. ರೋಗದ ಶಿಲೀಂಧ್ರವನ್ನು ಬೇಕೆಂದೇ ಬೆರೆಸಿದರೂ ಆ ಮಣ್ಣಿನಲ್ಲಿ ಸಸಿಗಳು ಹೆಚ್ಚಾಗಿ ಸೊರಗಲಿಲ್ಲ. ಸಾಮಾನ್ಯ ಮಣ್ಣಿನಲ್ಲಿ ಸೊರಗಿದವು.

ಕಾರಣ ಮಣ್ಣಿನ ಸುಣ್ಣವೋ, ಜೇಡಿಯೋ, ಜೀವವೋ? ಇದನ್ನು ತಿಳಿಯಲು ಆ ಮಣ್ಣಿಗೆ ಹಬೆ ಹಾಯಿಸಿದರು. ಸುಣ್ಣವೂ ಜೇಡಿಯೂ ಇದ್ದಂತೆಯೇ ಇದ್ದವು; ರಕ್ಷಣೆ ಮಾತ್ರ ಮಾಯವಾಯಿತು. ಹಬೆಯುಂಡ ಮಣ್ಣಿಗೆ ಹಸಿಯ ಮಣ್ಣನ್ನು ಸ್ವಲ್ಪವೇ ಬೆರೆಸಿದಾಗ ಕಳೆದುಹೋದ ಗುಣ ಹಿಂದಿರುಗಿತು. ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕುವ ನಮ್ಮ ಮನೆಗಳ ಹೆಂಗಸರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗುಣ ಜೀವದ್ದು. 1976ರಲ್ಲಿ ಈ ಮೂವರು ತಮ್ಮ ನಿರ್ಣಯವನ್ನು ಪ್ರಕಟಿಸಿದರು.

ಆ ಕಾವಲುಗಾರ ಯಾರು ಎಂಬ ಪ್ರಶ್ನೆ ಉಳಿಯಿತು. ಹಬೆಯುಂಡ ಮಣ್ಣಿಗೆ ಬೇರೆ ಬೇರೆ ಶಿಲೀಂಧ್ರಗಳನ್ನು ಮರಳಿ ಸೇರಿಸಿ ನೋಡಿದಾಗ, ರಕ್ಷಣೆಯನ್ನು ಮರಳಿ ತಂದದ್ದು ಫ್ಯುಸೇರಿಯಮ್ಮೇ! ರೋಗ ತರುವ ಕುಲದ್ದೇ, ಆದರೆ ಗಿಡಕ್ಕೆ ಕೇಡು ಮಾಡದ ದಾಯಾದಿ. ಬೇರುಗಳಿಂದ ಒಸರುವ ಸಕ್ಕರೆಯಂಥ ಆಹಾರಕ್ಕಾಗಿ ಅದು ರೋಗಕಾರಿಯೊಡನೆ ಪೈಪೋಟಿ ಮಾಡುತ್ತದೆ. ಬೇರಿನ ಮೇಲೆ ತಾನೇ ನೆಲೆಯೂರುತ್ತದೆ. ಗಿಡದ ಸ್ವಂತ ರಕ್ಷಣಾಶಕ್ತಿಯನ್ನೂ ಎಚ್ಚರಿಸುತ್ತದೆ. ಈ ಮಣ್ಣಿನಿಂದ ಬೇರ್ಪಡಿಸಿದ ಎಫ್‌ಓ 47 ಎಂಬ ನಿರಪಾಯ ಬಗೆಯನ್ನು ಆಮೇಲೆ ಹಲವು ದೇಶಗಳ ಪ್ರಯೋಗಶಾಲೆಗಳು ಅಭ್ಯಸಿಸಿದವು.

ಇದನ್ನು ಸಂಜೀವಿನಿಯೆಂದು ಭ್ರಮಿಸಬಾರದು. ಒಂದು ಮಣ್ಣಿನಲ್ಲಿ ತಾನಾಗಿ ನೆಲೆಸಿದ ಜೀವಿಯನ್ನು ಇನ್ನೊಂದಕ್ಕೆ ಒಯ್ದಾಗ ಅದು ಎಲ್ಲೆಡೆ ಒಂದೇ ತೆರನಾಗಿ ಬಾಳುವುದಿಲ್ಲ. ತೇವ, ಉಷ್ಣತೆ, ಮಣ್ಣಿನ ಗುಣ, ಸಿಗುವ ಆಹಾರ ಇವೆಲ್ಲ ಅದರ ಅಳಿವು ಉಳಿವನ್ನು ನಿರ್ಧರಿಸುತ್ತವೆ. ಆದರೆ ಎರಡನೆಯ ಉಪಾಯದ ದೋಷ ಇಲ್ಲಿ ಸ್ಪಷ್ಟವಾಯಿತು: ಎಲ್ಲವನ್ನೂ ಕೊಂದ ನೆಲ ಕಾವಲಿಲ್ಲದ ಮನೆ. ಒಂದು ಸೋಂಕಿದ ಸಸಿಯೊಡನೆ ರೋಗ ಮತ್ತೆ ಬಂದರೆ ಅದನ್ನು ತಡೆಯುವವರು ಅಲ್ಲಿ ಯಾರೂ ಇರುವುದಿಲ್ಲ.

ಮೀಥೈಲ್ ಬ್ರೋಮೈಡಿನ ಕಾಲವೂ ಮುಗಿಯಿತು. ಅದು ಓಜೋನ್ ಪದರವನ್ನು ಕೆಡಿಸುತ್ತದೆಂದು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. ಮುಂದುವರಿದ ದೇಶಗಳಿಗೆ 2005, ಮುಂದುವರಿಯುತ್ತಿರುವ ದೇಶಗಳಿಗೆ 2015 ಗಡುವಾಯಿತು, ಕೆಲವು ವಿನಾಯಿತಿಗಳೊಡನೆ. ಬೆಳೆಗಾರ ಮತ್ತೆ ಮಣ್ಣಿನೊಳಗಿನ ಜೀವದ ಕಡೆಗೇ ನೋಡಬೇಕಾಯಿತು.

ನಮ್ಮ ಕರ್ನಾಟಕದಲ್ಲಿಯೂ ಕಲ್ಲಂಗಡಿ, ಕರಬೂಜ ಬೆಳೆಯುವ ರೈತರು ಟ್ರೈಕೊಡರ್ಮಾ ಎಂಬ ಇನ್ನೊಂದು ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಗಳೊಡನೆ ಬೆರೆಸಿ, ನೆರಳಿನಲ್ಲಿ ತೇವವಾರದಂತೆ ಕೆಲವು ದಿನ ಇಟ್ಟು ಹೊಲಕ್ಕೆ ಹಾಕುವುದುಂಟು. ಪೊಟ್ಟಣವನ್ನು ಕೊಂಡು ತಂದು, ಗೊಬ್ಬರ ಕಾಣದ ಬರಡು ನೆಲದ ಮೇಲೆ ಚೆಲ್ಲಿ, ಹಿಂದೆಯೇ ಶಿಲೀಂಧ್ರನಾಶಕವನ್ನು ಸುರಿದು, "ಇದರಿಂದ ಏನೂ ಆಗಲಿಲ್ಲ" ಎನ್ನುವವರೂ ಉಂಟು. ಅವರನ್ನು ನಾನು ದೂರಲಾರೆ. ಒಂದು ಬೆಳೆ ಸೊರಗಿದರೆ ವರ್ಷದ ಸಾಲ ಮೈಮೇಲೆ ಬರುವವನಿಗೆ ಕಾಯುವ ತಾಳ್ಮೆ ಸುಲಭವಲ್ಲ. ಆದರೂ ಮಣ್ಣನ್ನು ಸುಡುವ ಮುನ್ನ, ವಿಷವುಣಿಸುವ ಮುನ್ನ, ಆ ಹಬೆಯುಂಡ ಮಣ್ಣನ್ನೊಮ್ಮೆ ನೆನೆಯೋಣ. ಅದರಲ್ಲಿ ಶತ್ರು ಸತ್ತಿದ್ದ, ಕಾವಲುಗಾರನೂ ಸತ್ತಿದ್ದ.