ಚಳಿನೀರಿನ ಗೆಂಡೆಮೀನು ಮತ್ತು ಕೆರೆಗಳ ಆಯುಷ್ಯ

ಡಿಸೆಂಬರ್ ಬಂತೆಂದರೆ ಜರ್ಮನಿಯ ಮೀನಂಗಡಿಗಳಲ್ಲಿ ಕಾರ್ಪ್ ಎಂಬ ಗೆಂಡೆಜಾತಿಯ ಮೀನು ಕಾಣಿಸಿಕೊಳ್ಳುತ್ತದೆ. ನೆರೆಯ ಚೆಕ್ ದೇಶದ ಎಷ್ಟೋ ಮನೆಗಳಲ್ಲಿ ಅದಿಲ್ಲದೆ ಕ್ರಿಸ್‌ಮಸ್ ಮುನ್ನಾದಿನದ ಊಟ ಪೂರ್ಣವಾಗದು. ಈ ಮೀನಿನ ಹಿಂದೆ ಕೆರೆಗಳ ಒಂದು ದೀರ್ಘ ಚರಿತ್ರೆಯಿದೆ. ಕೆರೆಕಟ್ಟೆಗಳ ನಾಡಿನಿಂದ ಬಂದ ನಾವು ಅದನ್ನು ಅರಿಯುವುದು ಉಚಿತ.

ದಕ್ಷಿಣ ಬೊಹೀಮಿಯಾದ ತ್ರೆಬೋನ್ ಪಟ್ಟಣದ ಸುತ್ತಲಿನದು ಜವುಗು ನೆಲ. ಮಾಂಸ ನಿಷಿದ್ಧವಾದ ಕ್ರೈಸ್ತ ಉಪವಾಸದ ದಿನಗಳಲ್ಲಿ ಮೀನಿಗೆ ಬೇಡಿಕೆ ಅಪಾರವಾಗಿದ್ದುದರಿಂದ, ಅಲ್ಲಿನ ರೋಜ್ಮ್‌ಬೆರ್ಕ್ ಮನೆತನದ ಪ್ರಭುಗಳು ಆ ಜವುಗನ್ನೇ ಕೆರೆಗಳನ್ನಾಗಿಸಿದರು. ಷ್ಟೆಪಾನೆಕ್ ನೆಟೋಲಿಟ್ಸ್ಕಿ ರೂಪಿಸಿದ, ಸುಮಾರು 48 ಕಿಲೋಮೀಟರ್ ಉದ್ದದ 'ಚಿನ್ನದ ಕಾಲುವೆ' 1520ರ ಹೊತ್ತಿಗೆ ಮುಗಿದು, ಕೆರೆಯಿಂದ ಕೆರೆಗೆ ನೀರುಣಿಸತೊಡಗಿತು. ಯಾಕುಬ್ ಕರ್ಚೀನ್ 1584ರಿಂದ 1590ರವರೆಗೆ ಕಟ್ಟಿಸಿದ ರೋಜ್ಮ್‌ಬೆರ್ಕ್ ಕೆರೆಯ ಏರಿ ಸುಮಾರು 2.4 ಕಿಲೋಮೀಟರ್ ಉದ್ದವಿದೆ. ಮೀನುಕೆರೆಗಳ ವಿಷಯವಾಗಿ ಬಿಷಪ್ ಯಾನ್ ಡುಬ್ರಾವಿಯಸ್ ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥ 1547ರಲ್ಲೇ ಅಚ್ಚಾಗಿತ್ತು.

ಇಲ್ಲಿ ದೊಡ್ಡ ಬೇಟೆ ನಡೆಯುವುದು ಶರತ್ಕಾಲದ ಚಳಿಯಲ್ಲಿ. ನೀರು ತಣ್ಣಗಾದಂತೆ ಗೆಂಡೆಯ ಹಸಿವು ಇಂಗುತ್ತದೆ, ಚಲನೆ ಮಂದವಾಗುತ್ತದೆ. ತಣ್ಣೀರಿನಲ್ಲಿ ಆಮ್ಲಜನಕವೂ ಹೆಚ್ಚು ಕರಗಿರುತ್ತದೆ. ಆದ್ದರಿಂದ ಬಲೆಯಲ್ಲಿ ಒತ್ತೊತ್ತಾಗಿ ಸೇರಿದರೂ, ತೊಟ್ಟಿಗಳಲ್ಲಿ ದೂರ ಸಾಗಿಸಿದರೂ ಮೀನು ಬದುಕುಳಿಯುತ್ತದೆ. ಬೇಸಿಗೆಯಾಗಿದ್ದರೆ ಅವು ದಾರಿಯಲ್ಲೇ ಸಾಯುವ ಅಪಾಯ ಹೆಚ್ಚಿರುತ್ತಿತ್ತು.

ಬೇಟೆಗೆ ಮುನ್ನ ತೂಬು ತೆರೆದು ನೀರನ್ನು ನಿಧಾನವಾಗಿ ಹರಿಯಬಿಡುತ್ತಾರೆ. ನೀರು ಇಳಿದಂತೆ ಮೀನುಗಳೆಲ್ಲ ಏರಿಯ ಬುಡದ ಆಳವಾದ ಗುಂಡಿಗೆ ಬಂದು ಸೇರುತ್ತವೆ. ನಸುಕಿನಲ್ಲಿ ಬಲೆ ಬೀಸಿ, ದೋಣಿಗಳಿಂದ ನೀರನ್ನು ಬಡಿದು, ಮೀನನ್ನು ದಡದತ್ತ ಎಳೆದು ತರುತ್ತಾರೆ. ಅಲ್ಲಿ ವಿಂಗಡಿಸಿದ ಗೆಂಡೆಗಳನ್ನು ಹರಿಯುವ ಶುದ್ಧ ನೀರಿನ ಕೊಳಗಳಲ್ಲಿ ಡಿಸೆಂಬರ್‌ವರೆಗೆ ಇಡುತ್ತಾರೆ. ಮೀನು ಖಾಲಿಯಾದ ಕೆರೆಯ ತಳವೂ ತೂಬೂ ಆಗ ಕಣ್ಣಿಗೆ ಬೀಳುತ್ತವೆ. ಬಿರುಕು, ಸೋರಿಕೆ, ಹೂಳು ಯಾವುದೂ ಮರೆಯಾಗದು. ಮೀನಿನ ಕೊಯ್ಲೆಂದರೆ ಕೆರೆಯ ತಪಾಸಣೆಯೂ ಹೌದು.

ಕೆರೆಗಳು ಉಳಿದುದರ ಗುಟ್ಟು ಇಲ್ಲಿದೆ. ಮೀನಿನ ಆದಾಯವೇ ಏರಿಯ ದುರಸ್ತಿಗೆ ಒದಗುತ್ತಿತ್ತು. ಅದೇ ಬೊಹೀಮಿಯಾದ ಪಾರ್ದುಬಿತ್ಸೆ ಸೀಮೆಯಲ್ಲಿ ಮೀನಿಗಿಂತ ಬೇಸಾಯ ಲಾಭಕರವೆನಿಸಿದಾಗ ಬಹುತೇಕ ಕೆರೆಗಳನ್ನು ಬರಿದುಮಾಡಿ ಹೊಲಗಳನ್ನಾಗಿಸಿದರು. ತ್ರೆಬೋನ್‌ನ ಕೆರೆಗಳಾದರೋ ಬಾಳಿದವು. 2002ರ ಆಗಸ್ಟ್‌ನ ಮಹಾಪ್ರವಾಹದಲ್ಲಿ ರೋಜ್ಮ್‌ಬೆರ್ಕ್ ಕೆರೆ ಅಪಾರ ನೀರನ್ನು ತನ್ನೊಡಲಲ್ಲಿ ಹಿಡಿದಿಟ್ಟು, ಕೆಳಗಿನ ಊರುಗಳ ಮೇಲಿನ ಹೊಡೆತವನ್ನು ತಗ್ಗಿಸಿತು. ನಾಲ್ಕು ಶತಮಾನಗಳ ಹಳೆಯ ಏರಿ ಒಡೆಯಲಿಲ್ಲ.

ನಮ್ಮ ಹಿರಿಯರಿಗೂ ಈ ತತ್ತ್ವ ತಿಳಿದಿತ್ತು. ಕೆರೆಯ ರಕ್ಷಣೆಗೆಂದೇ ಮೀಸಲಾದ 'ಬಿತ್ತುವಟ್ಟ'ದ ಉಲ್ಲೇಖ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆಯಿಂದ ಫಲ ಪಡೆದವರು ಅದರ ಒಂದು ಪಾಲನ್ನು ಕೆರೆಗೇ ಹಿಂದಿರುಗಿಸುವ ಏರ್ಪಾಡು ಅದು. ಆ ಏರ್ಪಾಡು ಕಳಚಿಬಿದ್ದ ಕಡೆ ಕೆರೆಗಳಲ್ಲಿ ಹೂಳು ತುಂಬಿತು, ತೂಬುಗಳು ಕಟ್ಟಿಕೊಂಡವು, ಕಡೆಗೆ ಕೆರೆಯಂಗಳವೇ ಬಡಾವಣೆಯಾಯಿತು. ಕಟ್ಟಿಸಿದವರ ಕೀರ್ತಿಯೊಂದರಿಂದಲೇ ಕೆರೆ ಬಾಳದು. ವರ್ಷವರ್ಷವೂ ಅದರ ತಳವನ್ನು ನೋಡುವವರು ಬೇಕು.

ಅಕ್ಟೋಬರ್‌ನಲ್ಲಿ ಆ ಕಡೆ ಪ್ರವಾಸ ಹೊರಡುವ ಸದಸ್ಯರು ಮಕ್ಕಳೊಡನೆ ಈ ಬೇಟೆಯನ್ನು ತಪ್ಪದೆ ನೋಡಬೇಕು. ಏರಿ, ತೂಬು, ಕೋಡಿ ಎಂಬ ನಮ್ಮ ಮಾತುಗಳ ಅರ್ಥವನ್ನು ಅವರಿಗೆ ತೋರಿಸಿಕೊಡಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಈ ಸೀಮೆಯಲ್ಲಿ ಸಿಗುವುದು ಅಪರೂಪ.