ಹಲಗೆಯಿಂದ ಹೊರಟ ಮಾತು: ‘ಬೋರ್ಡ್’ ಪದದ ಅರ್ಥಚರಿತ್ರೆ

ಬಸ್ಸಿನ ಬೋರ್ಡು, ಪರೀಕ್ಷಾ ಬೋರ್ಡು, ಬೋರ್ಡಿಂಗ್ ಶಾಲೆ, ಕೇರಂ ಬೋರ್ಡು. ನಾವು ದಿನವೂ ಆಡುವ ಈ ಮಾತುಗಳಲ್ಲಿ ಮರದ ಹಲಗೆ ಕಣ್ಣಿಗೆ ಕಾಣುವಂತೆ ಉಳಿದಿರುವುದು ಕೇರಮ್ಮಿನಲ್ಲಿ ಮಾತ್ರ. ಉಳಿದ ಅರ್ಥಗಳು ಎಲ್ಲಿಂದ ಬಂದವು?

ಮೊದಲು ಗಮನಿಸಬೇಕಾದದ್ದು, ಇದು ಹುಟ್ಟಿನಲ್ಲಿ ಒಂದೇ ಪದವಲ್ಲ. ಜರ್ಮಾನಿಕ್ ಭಾಷೆಗಳಲ್ಲಿ ಹಲಗೆಗೆ ಒಂದು ಪದ, ಅಂಚಿಗೆ ಮತ್ತು ಹಡಗಿನ ಮಗ್ಗುಲಿಗೆ ಇನ್ನೊಂದು ಪದ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಎರಡೂ ಒಂದೇ ರೂಪಕ್ಕೆ ಬಂದು ಬೆರೆತವು.

ಹಡಗಿನ ಕವಲು ಸರಳ. ಮಗ್ಗುಲು ದಾಟಿ ಒಳಗೆ ಕಾಲಿಟ್ಟರೆ ಹಡಗು ಹತ್ತಿದಂತೆ. ಇಂದಿನ ವಿಮಾನದ ಬೋರ್ಡಿಂಗ್ ಪಾಸ್ ಅದೇ ಮಾತಿನ ಮುಂದುವರಿಕೆ. ಬಲಮಗ್ಗುಲಿನ ಹೆಸರಾದ ‘ಸ್ಟಾರ್‌ಬೋರ್ಡ್’ಗೂ ನಕ್ಷತ್ರಕ್ಕೂ ಸಂಬಂಧವಿಲ್ಲ, ಅದು ಚುಕ್ಕಾಣಿಯ ಹುಟ್ಟು ಕಟ್ಟುತ್ತಿದ್ದ ಬದಿ. ಎಡಬದಿಯ ‘ಲಾರ್‌ಬೋರ್ಡ್’ ಕೂಗಿದಾಗ ಕಿವಿಗೆ ಹಾಗೆಯೇ ಕೇಳಿ ಗೊಂದಲವಾಗುತ್ತಿದ್ದುದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕೈಬಿಟ್ಟು ‘ಪೋರ್ಟ್’ ಎಂದು ಬಳಸಲು ಆದೇಶಿಸಿತು.

ಹಲಗೆಯ ಕವಲೇ ನಿಜವಾಗಿ ಕುತೂಹಲದ್ದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊಟದ ಮೇಜೆಂದರೆ ಮರದ ಕಾಲುಗಳ ಮೇಲೆ ಇಟ್ಟ ಹಲಗೆ. ಊಟ ಮುಗಿದರೆ ತೆಗೆದಿಡುತ್ತಿದ್ದರು. ಹಾಗಾಗಿ ಹಲಗೆಯೇ ಮೇಜಾಯಿತು, ಮೇಜು ಊಟವಾಯಿತು, ದುಡ್ಡು ಕೊಟ್ಟು ಊಟಕ್ಕಿದ್ದವನು ‘ಬೋರ್ಡರ್’ ಆದ. ಅಂಥದೇ ಮೇಜಿನ ಸುತ್ತ ಸಮಾಲೋಚನೆಗೆ ಕುಳಿತವರಿಗೂ ಆ ಹೆಸರೇ ಅಂಟಿತು. ಕನ್ನಡಿಗರಿಗೆ ಅಧಿಕಾರದ ಬೋರ್ಡು ಪರಿಚಯವಾದದ್ದು ಈ ದಾರಿಯಲ್ಲಿ. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಭೂಕಂದಾಯದ ಬಗ್ಗೆ ಬರೆದದ್ದು ಮದರಾಸಿನ ರೆವಿನ್ಯೂ ಬೋರ್ಡಿಗೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಸೇರಿದಾಗ ಅದನ್ನು ನಡೆಸಿದ್ದೂ ಇಬ್ಬರು ಕಮಿಷನರರ ಒಂದು ಬೋರ್ಡು. 1834ರಲ್ಲಿ ಅದು ಹೋಗಿ ಒಬ್ಬನೇ ಕಮಿಷನರ್ ಉಳಿದ.

ನಮ್ಮಲ್ಲಿ ಹಲಗೆ ಊಟವಾಗಲಿಲ್ಲ, ಏಕೆಂದರೆ ನಾವು ಮರವನ್ನು ಹಾಕಿದ್ದು ಕೂರುವುದಕ್ಕೆ. ಅದರಿಂದ ಬೇರೆ ಅರ್ಥ ಬೆಳೆಯಿತು: ‘ಮಣೆ ಹಾಕು’ ಎಂದರೆ ಮರ್ಯಾದೆ ಕೊಡು. ಪೀಠವೂ ಹಾಗೆಯೇ, ಕೂರುವ ಆಸನದಿಂದ ನ್ಯಾಯಪೀಠದವರೆಗೆ ಏರಿತು. ಆದರೆ ಒಂದು ಕಡೆ ಎರಡೂ ಭಾಷೆ, ಪರಸ್ಪರ ಅರಿವಿಲ್ಲದೆ, ಒಂದೇ ಹೆಜ್ಜೆ ಇಟ್ಟಿವೆ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಯೋಧನ ಗುರಾಣಿಯೂ ‘ಬೋರ್ಡ್’. ನಮ್ಮ ‘ಹಲಗೆ’ಗೂ ಗುರಾಣಿ ಎಂಬ ಅರ್ಥವಿದೆ, ಅದರ ಸಂಸ್ಕೃತ ಮೂಲವಾದ ‘ಫಲಕ’ಕ್ಕೂ ಇದೆ. ಇಂದು ಅಂಗಡಿಯ ಬೋರ್ಡಿಗೆ ನಾವು ಕೊಟ್ಟಿರುವ ಹೆಸರು ನಾಮಫಲಕ.