ಅಂಚೆಯಲ್ಲಿ ಬಂದ ಹಾಡುಗಳು

ಲಾಸ್ ಏಂಜಲೀಸಿನ ಜಿಮ್ಮಿ ಟ್ಯಾಂಬೊರೆಲೊ ಕಂಪ್ಯೂಟರಿನಲ್ಲಿ ತಾಳ, ನಾದಗಳನ್ನು ಹೆಣೆದು, ಡಿಜಿಟಲ್ ಟೇಪಿಗಿಳಿಸಿ ಅಂಚೆಗೆ ಹಾಕುತ್ತಿದ್ದರು. ಸಿಯಾಟಲ್ ಕಡೆಯಿದ್ದ ಬೆನ್ ಗಿಬರ್ಡ್ ಅದಕ್ಕೆ ಮಾತು, ರಾಗ, ಒಂದಿಷ್ಟು ಗಿಟಾರ್ ಸೇರಿಸಿ ವಾಪಸ್ ಕಳಿಸುತ್ತಿದ್ದರು. ಟಪಾಲಿನಲ್ಲಿ ಹೋಗಿಬಂದು ಬೆಳೆದ ಆ ತಂಡಕ್ಕೆ ಇಟ್ಟ ಹೆಸರೂ ‘ದಿ ಪೋಸ್ಟಲ್ ಸರ್ವಿಸ್’.

ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಮೇಲೆ ನಿಂತ ಇಂಥ ಹಾಡುಗಳ, ಅಂದರೆ ಸಿಂಥ್ ಪಾಪ್‌ನ, ಬೇರು ಯುರೋಪಿನಲ್ಲಿದೆ. 1974ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ‘ಆಟೋಬಾನ್’ ಆಲ್ಬಂ ಹೊರತಂದು, ಯಂತ್ರನಾದಕ್ಕೂ ಜನಪ್ರಿಯ ಹಾಡಾಗುವ ಯೋಗ್ಯತೆ ಇದೆ ಎಂದು ತೋರಿಸಿತು. 1981ರಲ್ಲಿ ಇಂಗ್ಲೆಂಡಿನ ಬ್ಯಾಸಿಲ್ಡನ್ ಎಂಬ ಊರಿನ ಹುಡುಗರು, ಡೆಪೆಷ್ ಮೋಡ್, ತಮ್ಮ ಮೊದಲ ಆಲ್ಬಂ ತಂದದ್ದು ಮ್ಯೂಟ್ ಎಂಬ ಪುಟ್ಟ ಸ್ವತಂತ್ರ ಕಂಪನಿಯಿಂದ. 1983ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ‘ಮಿಡಿ’ ವ್ಯವಸ್ಥೆ ಬಂದಮೇಲೆ ಬೇರೆಬೇರೆ ಕಂಪನಿಗಳ ವಾದ್ಯಗಳು ಒಂದೇ ತಾಳಕ್ಕೆ ಕುಣಿಯತೊಡಗಿದವು. ಅಮೆರಿಕದ ಸ್ವತಂತ್ರ (ಇಂಡೀ) ಸಂಗೀತದಲ್ಲಿ ಮಾತ್ರ ಬಹುಕಾಲ ಗಿಟಾರಿನದೇ ದರ್ಬಾರು. ನಿರ್ವಾಣಾ ತಂಡದ ಮೊದಲ ಆಲ್ಬಂ ತಂದ ಸಬ್ ಪಾಪ್ ಕಂಪನಿಯಂತೂ ಗಿಟಾರಿನ ಗದ್ದಲಕ್ಕೇ ಹೆಸರಾಗಿತ್ತು.

ಅದೇ ಸಬ್ ಪಾಪ್ 2003ರ ಫೆಬ್ರವರಿಯಲ್ಲಿ ಪೋಸ್ಟಲ್ ಸರ್ವಿಸ್‌ನ ಆಲ್ಬಂ ‘ಗಿವ್ ಅಪ್’ ಹೊರತಂದಿತು. ಗಿಬರ್ಡ್ ಆಗಲೇ ಡೆತ್ ಕ್ಯಾಬ್ ಫಾರ್ ಕ್ಯೂಟಿ ಎಂಬ ರಾಕ್ ತಂಡದ ಗಾಯಕ. ಟ್ಯಾಂಬೊರೆಲೊ ‘ಡಿಂಟೆಲ್’ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದವರು. 2001ರ ಡಿಂಟೆಲ್ ಆಲ್ಬಮ್ಮಿನ ಒಂದು ಹಾಡಿಗೆ ಗಿಬರ್ಡ್ ದನಿ ಕೊಟ್ಟಾಗ ಶುರುವಾದ ಸ್ನೇಹ ಇದು. ‘ಗಿವ್ ಅಪ್’ನಲ್ಲಿ ಜೊತೆಗೆ ದನಿಗೂಡಿಸಿದವರಲ್ಲಿ ಗಾಯಕಿ ಜೆನ್ನಿ ಲೂಯಿಸ್ ಮುಖ್ಯರು.

ಈ ಆಲ್ಬಮ್ಮಿನ ‘ಸಚ್ ಗ್ರೇಟ್ ಹೈಟ್ಸ್’ ಹಾಡನ್ನು ಇಯರ್‌ಫೋನ್ ಹಾಕಿಕೊಂಡೇ ಕೇಳಬೇಕು. ಮೊದಲಿಗೆ ಸಣ್ಣ ಸಣ್ಣ ‘ಬೀಪ್’ ಸದ್ದುಗಳು ಎಡಗಿವಿಯಿಂದ ಬಲಗಿವಿಗೆ, ಬಲದಿಂದ ಎಡಕ್ಕೆ ನೆಗೆಯುತ್ತವೆ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರಿಸಿದ ಹಾಗೆ. ಆಮೇಲೆ ತಾಳ ಸೇರಿಕೊಳ್ಳುತ್ತದೆ. ಅದರ ಮೇಲೆ, ಪಕ್ಕದಲ್ಲೇ ಕೂತು ಮಾತಾಡಿದಂಥ ಗಿಬರ್ಡ್ ದನಿ. ಯಂತ್ರದ ಚುರುಕು, ಮನುಷ್ಯನ ಬಿಸಿಯುಸಿರು ಎರಡೂ ಒಂದನ್ನೊಂದು ಮುಚ್ಚಿಹಾಕುವುದಿಲ್ಲ. ಒಂದೇ ಕೋಣೆಯಲ್ಲಿ ಕೂತು ನುಡಿಸಿದ್ದರೆ ಈ ತೂಕ ಸಿಗುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಟೇಪು ಬರುವವರೆಗೆ ಕಾಯಬೇಕು, ಬಂದದ್ದನ್ನು ಒಬ್ಬರೇ ಕೂತು ಮತ್ತೆಮತ್ತೆ ಕೇಳಬೇಕು. ಆ ಬಿಡುವೇ ಹಾಡುಗಳಿಗೆ ಆಕಾರ ಕೊಟ್ಟಿತು.

ತಂಡದ ಹೆಸರಿನಿಂದಾಗಿ ಪೇಚೂ ಬಂತು. ಅದು ತನ್ನ ಟ್ರೇಡ್‌ಮಾರ್ಕ್ ಎಂದು ಅಮೆರಿಕದ ಅಂಚೆ ಇಲಾಖೆ 2003ರಲ್ಲಿ ನೋಟಿಸ್ ಕಳಿಸಿತು. ಕೊನೆಗೆ ರಾಜಿಯಾಯಿತು: ತಂಡ ಹೆಸರು ಉಳಿಸಿಕೊಂಡು ಅಂಚೆಯ ಪರ ಪ್ರಚಾರ ಮಾಡಬೇಕು, ಇಲಾಖೆಯ ಅಧಿಕಾರಿಗಳ ಸಮಾವೇಶದಲ್ಲಿ ಹಾಡಬೇಕು. ಇಲಾಖೆ ತಾನೂ ಆ ಸಿ.ಡಿ.ಯನ್ನು ಮಾರಿತು.

ಆಲ್ಬಂ ಒಮ್ಮೆಲೇ ಸದ್ದು ಮಾಡಲಿಲ್ಲ, ಕೈಯಿಂದ ಕೈಗೆ ಹಬ್ಬಿತು. ಐರನ್ ಅಂಡ್ ವೈನ್ ಹೆಸರಿನ ಗಾಯಕ ‘ಸಚ್ ಗ್ರೇಟ್ ಹೈಟ್ಸ್’ ಅನ್ನು ಬರೀ ಗಿಟಾರಿನೊಂದಿಗೆ ಪಿಸುದನಿಯಲ್ಲಿ ಹಾಡಿದ್ದು 2004ರ ‘ಗಾರ್ಡನ್ ಸ್ಟೇಟ್’ ಚಿತ್ರದಲ್ಲಿ ಕೇಳಿಬಂತು. ಸಿಂಥಸೈಜರ್ ಪೂರಾ ತೆಗೆದರೂ ಹಾಡು ನಿಂತಿತು; ರಾಗವೇ ಗಟ್ಟಿಯಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ. 2013ರ ಹೊತ್ತಿಗೆ ‘ಗಿವ್ ಅಪ್’ 10 ಲಕ್ಷ ಪ್ರತಿ ದಾಟಿ, ನಿರ್ವಾಣಾದ ‘ಬ್ಲೀಚ್’ ಬಿಟ್ಟರೆ ಸಬ್ ಪಾಪ್‌ನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಗಿತ್ತು.

‘ಗಿವ್ ಅಪ್’ನ ದಾರಿಯಲ್ಲಿ ಬಂದವರು ಬಹಳ. 2009ರಲ್ಲಿ ಔಲ್ ಸಿಟಿಯ ‘ಫೈರ್‌ಫ್ಲೈಸ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದಾಗ ಎಲ್ಲರೂ ನೆನೆದದ್ದು ಪೋಸ್ಟಲ್ ಸರ್ವಿಸನ್ನೇ. ಆ ಹಾಡಿನಲ್ಲಿ ಸಿಹಿ ಬಂತು. ‘ಗಿವ್ ಅಪ್’ನ ತಳದಲ್ಲಿರುವ ಅಗಲಿಕೆಯ ನೋವು ಬರಲಿಲ್ಲ. 2013ರಲ್ಲಿ ಗ್ಲಾಸ್ಗೋದ ಚರ್ಚಸ್ ತಂಡ ಮೊದಲ ಆಲ್ಬಂ ತರುವಷ್ಟರಲ್ಲಿ ಸಿಂಥ್ ಪಾಪ್ ಇಂಡೀ ಸಂಗೀತದ ನಡುಮನೆಯಲ್ಲೇ ಕೂತಿತ್ತು.

ಆಲ್ಬಮ್ಮಿಗೆ 2013ರಲ್ಲಿ ಹತ್ತು ವರ್ಷ, 2023ರಲ್ಲಿ ಇಪ್ಪತ್ತು ವರ್ಷ ತುಂಬಿದ ನೆಪದಲ್ಲಿ ತಂಡ ಮತ್ತೆ ವೇದಿಕೆ ಹತ್ತಿತು. ಎರಡನೆಯ ಆಲ್ಬಂ ಬರಲೇ ಇಲ್ಲ. ಇಷ್ಟೆಲ್ಲ ನಡೆದದ್ದು ‘ಗಿವ್ ಅಪ್’ನ ಆ ಹತ್ತು ಹಾಡುಗಳಿಂದ.